ದೊಡ್ಡ ಕರುಳು ತೆಗೆದ ಮೇಲೆ ಏನು ತಿನ್ನಬೇಕು? ಕನ್ನಡದಲ್ಲಿ ಬರೆದುಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ದೊಡ್ಡ ಕರುಳಿನ ಕಾಯಿಲೆಗಳ ಬಗ್ಗೆ ಬಂದ ಲೇಖನ ಓದಿದೆ. ಆಪರೇಷನ್‌ವರೆಗಿನದ್ದನ್ನು ಚೆನ್ನಾಗಿ ಬರೆದಿದ್ದಾರೆ. ಆಮೇಲಿನದ್ದನ್ನು ಮಾತ್ರ ‘ರೋಗಿ ಸಾಮಾನ್ಯ ಜೀವನ ನಡೆಸಬಹುದು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಆ ಸಾಲು ನಿಜವೇ. ನಾನು ದುಡಿಯುತ್ತಿದ್ದೇನೆ, ಮನೆ ನಡೆಸುತ್ತಿದ್ದೇನೆ. ಆದರೆ ಆ ಸಾಮಾನ್ಯ ಜೀವನಕ್ಕೆ ದಿನಾ ಏನೇನು ಬೇಕು ಅನ್ನುವುದನ್ನು ನಮಗೆ ಯಾರೂ ಕೂರಿಸಿ ಹೇಳುವುದಿಲ್ಲ.

ನಾನು ತಿಪಟೂರಿನವಳು. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು, ಅಂದರೆ ದೊಡ್ಡ ಕರುಳಿನ ಒಳಪದರ ಊದಿ ಹುಣ್ಣಾಗುವ ಕಾಯಿಲೆ. ರಕ್ತ ಹೋಗುವುದನ್ನು ಮೂಲವ್ಯಾಧಿ ಅಂದುಕೊಂಡು ವರ್ಷಗಟ್ಟಲೆ ಔಷಧಿ ಕೊಟ್ಟರು. ಕೊನೆಗೆ ಬೆಂಗಳೂರಿನಲ್ಲಿ ದೊಡ್ಡ ಕರುಳನ್ನು ಪೂರ್ತಿ ತೆಗೆದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು ಹೊಲಿದಿದ್ದಾರೆ. ಅದಕ್ಕೆ ಸ್ಟೋಮಾ ಅಂತಾರೆ. ಮಲ ಅಲ್ಲಿಂದಲೇ ಬರುವುದರಿಂದ ಅದರ ಮೇಲೆ ಚೀಲ ಅಂಟಿಸಿಕೊಂಡೇ ಇರಬೇಕು. ಕರುಳಿನ ಒಂದು ತುಂಡನ್ನಷ್ಟೇ ತೆಗೆದು ಮತ್ತೆ ಜೋಡಿಸಿದವರಿಗೆ ಇಷ್ಟೆಲ್ಲ ಕಟ್ಟುಪಾಡು ಇರುವುದಿಲ್ಲ. ಹಾಗಾಗಿ ಮುಂದೆ ಬರೆಯುವುದು ಮುಖ್ಯವಾಗಿ ನನ್ನಂಥವರಿಗೆ.

ಡಿಸ್ಚಾರ್ಜ್ ದಿನ ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಊಟದ ಬಗ್ಗೆ ಇದ್ದದ್ದು ‘ಸಾಫ್ಟ್ ಡಯಟ್, ನೀರು ಜಾಸ್ತಿ ಕುಡಿಯಿರಿ’ ಇಷ್ಟೇ. ಆಗ ಬೇಸಿಗೆ. ತಿಪಟೂರಲ್ವಾ, ಎಳನೀರಿಗೆ ಬರವಿಲ್ಲ. ನೋಡಲು ಬಂದವರೆಲ್ಲ ಎಳನೀರು ತಂದರು. ನೀರು, ಎಳನೀರು ಎರಡನ್ನೂ ಹೊಟ್ಟೆ ತುಂಬ ಕುಡಿದೆ. ಚೀಲ ತುಂಬುತ್ತಲೇ ಇತ್ತು, ಬಾಯಿ ಒಣಗುತ್ತಲೇ ಇತ್ತು. ಮೀನಖಂಡ ಹಿಡಿದುಕೊಂಡು ರಾತ್ರಿಯೆಲ್ಲ ನಿದ್ದೆ ಇಲ್ಲ. ಒಂದು ಬೆಳಗ್ಗೆ ಬಚ್ಚಲಲ್ಲೇ ತಲೆ ಸುತ್ತಿ ಬಿದ್ದೆ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಡ್ಯೂಟಿ ಡಾಕ್ಟರಮ್ಮ ವಿಷಯ ಬಿಡಿಸಿ ಹೇಳಿದರು.

ದೊಡ್ಡ ಕರುಳು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ನೀರನ್ನೂ ಅದರ ಜೊತೆ ಉಪ್ಪನ್ನೂ ವಾಪಸ್ ಮೈಗೆ ಸೇರಿಸುತ್ತದೆ. ಅದು ಇಲ್ಲದ ಮೇಲೆ ಎರಡೂ ಚೀಲದ ಪಾಲು. ಬರೀ ನೀರನ್ನೇ ಜಾಸ್ತಿ ಕುಡಿದರೆ ಅದು ಹೊರಗೆ ಹೋಗುವಾಗ ಮೈಯಲ್ಲಿರುವ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ನಮಗೆ ಬೇಕಾದ ಸೋಡಿಯಂ ಕಡಿಮೆ. ಹಾಗಾಗಿ ನಮ್ಮಂಥವರಿಗೆ ಅದು ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು) ಬದಲಿಗೆ ಆಗುವುದಿಲ್ಲ. ಒಂದು ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಉಪ್ಪನ್ನು ಕರುಳಿನಿಂದ ಮೈಯೊಳಗೆ ಕರೆದುಕೊಂಡು ಹೋಗುವುದು ಆ ಗ್ಲೂಕೋಸೇ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಇರಬಾರದು, ಮಟ್ಟವಾಗಿರಬೇಕು. ಒಂದೇ ಸಲ ಕುಡಿಯದೆ ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಚೀಲಕ್ಕೆ ಬರುವುದು ಕ್ರಮೇಣ ದಿನಕ್ಕೆ ಸುಮಾರು 500ರಿಂದ 800 ಮಿಲಿಲೀಟರ್‌ಗೆ ನಿಲ್ಲುತ್ತದೆ. ಒಂದೂವರೆ ಲೀಟರ್ ದಾಟಿತು ಅಂದರೆ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಡಿಮೆಯಾಗಿ ಕಡು ಬಣ್ಣಕ್ಕೆ ತಿರುಗಿದರೂ ಅಷ್ಟೇ. ಮೂತ್ರ ಹೀಗೆ ಸದಾ ಗಟ್ಟಿಯಾಗಿದ್ದರೆ ಕಿಡ್ನಿಯಲ್ಲಿ ಕಲ್ಲಾಗಬಹುದು. ನಮ್ಮಂಥವರಲ್ಲಿ ಅದು ಜಾಸ್ತಿ.

ಇನ್ನು ಊಟ. ನೋಡಿದ ಡಯಟ್ ಚಾರ್ಟಿನಲ್ಲೆಲ್ಲ ಬಿಳಿ ಬ್ರೆಡ್, ಪಾಸ್ತಾ. ತುಮಕೂರು ಜಿಲ್ಲೆಯ ಅಡುಗೆಮನೆಯಲ್ಲಿ ಅದನ್ನಿಟ್ಟುಕೊಂಡು ಏನು ಮಾಡುವುದು? ನಮ್ಮ ಊಟ ಮುದ್ದೆ. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಸ್ಟೋಮಾ ಇರುವವರಿಗೆ ಹೇಳುವ ಮೊದಲ ಮಾತೇ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಿರಿ ಅಂತ. ಮೆತ್ತಗೆ ತೊಳಸಿದ ಮುದ್ದೆಯಿಂದ ನನಗೆ ತೊಂದರೆ ಆಗಿಲ್ಲ, ಗೋಲಿಯಷ್ಟು ಸಣ್ಣ ತುತ್ತು ಮಾಡುತ್ತೇನೆ. ತೊಂದರೆ ಕೊಡುವುದು ಸಾರಿನಲ್ಲಿರುವುದು. ಅವರೆಕಾಳಿನ ಸಿಪ್ಪೆ, ಸೊಪ್ಪಿನ ದಂಟು, ನುಗ್ಗೆಕಾಯಿ ನಾರು. ಇವು ಸ್ಟೋಮಾದ ಕಿರಿದಾದ ಬಾಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ನಮ್ಮತ್ತೆ ಇದಕ್ಕೆ ದಾರಿ ಹುಡುಕಿದರು. ಅವರೆಕಾಳು ನೆನೆಸಿ, ಒಂದೊಂದನ್ನೂ ಹಿತುಕಿ, ಹಿತಕಿದ ಬೇಳೆ ಸಾರು ಮಾಡಿದರು. ಸಿಪ್ಪೆಯೇ ಇಲ್ಲವಲ್ಲ, ಆರಾಮಾಗಿ ತಿಂದೆ. ಬಸ್ಸಾರಿನ ದಿನ ನನಗೆ ಬಸಿದ ಸಾರು, ಪಲ್ಯ ಮಿಕ್ಕವರಿಗೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ತೆಂಗಿನಕಾಯಿ. ನಮ್ಮಲ್ಲಿ ಕಾಯಿ ತುರಿ ಉದುರಿಸದ ಪಲ್ಯ ಉಂಟೇ? ತುರಿ, ಕೊಬ್ಬರಿ, ಮುಸುಕಿನ ಜೋಳ, ಹಲಸಿನ ತೊಳೆ, ಕಿತ್ತಳೆಯ ಬಿಳಿ ನಾರು ಎಲ್ಲಾ ಹಾಗೆ ಸಿಕ್ಕಿಹಾಕಿಕೊಳ್ಳುವ ಪಟ್ಟಿಯವೇ. ಈಗ ಕಾಯಿಯನ್ನು ರುಬ್ಬಿ, ಹಿಂಡಿ ಹಾಲು ತೆಗೆದು ಹಾಕುತ್ತೇವೆ. ರುಚಿಗೇನೂ ಕಡಿಮೆಯಿಲ್ಲ. ಮೆತ್ತಗಿನ ಅನ್ನ, ಬಾಳೆಹಣ್ಣು, ಸಬ್ಬಕ್ಕಿ ಗಂಜಿ ಚೀಲಕ್ಕೆ ಬರುವುದನ್ನು ಗಟ್ಟಿ ಮಾಡುತ್ತವೆ. ಮೊದಲ ಆರೆಂಟು ವಾರ ನಾರು ಕಡಿಮೆ ಇರುವುದನ್ನು ತಿಂದು, ಆಮೇಲೆ ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ ನೋಡಬೇಕು. ಹೆದರಿ ಜೀವನಪೂರ್ತಿ ಗಂಜಿ ಕುಡಿದುಕೊಂಡು ಸೊರಗಿದವರನ್ನೂ ನೋಡಿದ್ದೇನೆ. ಅದು ಬೇಡ.

ಗಂಟೆಗಟ್ಟಲೆ ಚೀಲಕ್ಕೆ ಏನೂ ಬಾರದೆ, ಹೊಟ್ಟೆ ಹಿಂಡಿ ವಾಂತಿ ಶುರುವಾದರೆ ಅಡ್ಡ ಕಟ್ಟಿದೆ ಅಂತ ಅರ್ಥ. ಆಗ ಭೇದಿ ಮಾಡಿಸುವ ಮಾತ್ರೆ ನುಂಗಬಾರದು. ಸೀದಾ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ ಅಂದೆನಲ್ಲ, ನಿಧಾನವಾಗಿ ಕರಗುವಂತೆ ಮಾಡಿರುವ ಕೆಲವು ಮಾತ್ರೆಗಳು ಕರಗದೆ ಹಾಗೇ ಚೀಲಕ್ಕೆ ಬಂದುಬಿಡುತ್ತವೆ. ಔಷಧಿ ಬರೆಯುವ ಡಾಕ್ಟರಿಗೆ ನಮಗೆ ಸ್ಟೋಮಾ ಇದೆ ಅಂತ ಮೊದಲೇ ಹೇಳಬೇಕು. ಬಿ12 ಜೀವಸತ್ವವನ್ನು ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ಆಪರೇಷನ್‌ನಲ್ಲಿ ಆ ಭಾಗವೂ ಹೋಗಿದ್ದರೆ ಕೊರತೆ ತಕ್ಷಣ ಕಾಣುವುದಿಲ್ಲ. ಲಿವರಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಬರುತ್ತದೆ. ಆಮೇಲೆ ಪಾದ ಜುಮ್ಮೆನ್ನುವುದು, ಸುಸ್ತು. ಮಾಂಸ, ಮೊಟ್ಟೆ ತಿನ್ನದವರು ಇನ್ನೂ ಎಚ್ಚರವಾಗಿರಬೇಕು. ವರ್ಷಕ್ಕೊಮ್ಮೆ ಬಿ12, ಕಬ್ಬಿಣಾಂಶ, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕಿಡ್ನಿ ಪರೀಕ್ಷೆ ಆಗಬೇಕು. ಗಾಯ ಮಾಯ್ದ ಮೇಲೆ ನಮ್ಮ ಜನ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಪರೀಕ್ಷೆ ಬೇಕು ಅಂತ ಹೇಳಿದ್ದರೆ ತಾನೇ ಹೋಗುವುದು?

ಹೆಂಗಸರ ಪರವಾಗಿ ಒಂದು ಮಾತು. ನನ್ನ ಲಂಗದ ಲಾಡಿ ಸರಿಯಾಗಿ ಸ್ಟೋಮಾ ಮೇಲೇ ಬರುತ್ತಿತ್ತು. ಒತ್ತಿ ಚೀಲ ಕಿತ್ತುಬರುತ್ತಿತ್ತು, ಸುತ್ತಲ ಚರ್ಮ ಹುಣ್ಣಾಗುತ್ತಿತ್ತು. ಈಗ ಅಗಲ ಎಲಾಸ್ಟಿಕ್ ಹಾಕಿಸಿಕೊಂಡಿದ್ದೇನೆ. ಆಪರೇಷನ್‌ಗೆ ಮುಂಚೆ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಸೀರೆಯೋ ಪಂಚೆಯೋ ಎಲ್ಲಿ ಕಟ್ಟುತ್ತಾರೆ ನೋಡಿ, ಸ್ಟೋಮಾ ಬರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಬೇಕು. ಅದಕ್ಕೆಂದೇ ತರಬೇತಿ ಪಡೆದ ನರ್ಸ್‌ಗಳಿರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಅಂಥ ಒಬ್ಬ ನರ್ಸ್ ವಾರದಲ್ಲಿ ಗೊತ್ತಾದ ಒಂದು ದಿನ ಸಿಗಲಿ. ಆಪರೇಷನ್ ಎಲ್ಲೇ ಆಗಿರಲಿ, ರೋಗಿಯ ಕೈಗೆ ಕನ್ನಡದಲ್ಲಿ, ನಮ್ಮ ಊಟದ ಹೆಸರುಗಳಿರುವ ಒಂದು ಹಾಳೆ ಬರಲಿ. ರೈಲ್ವೆಯವರು ಸ್ಟೋಮಾ ಇರುವವರಿಗೆ ಸೀಸನ್ ಪಾಸಿನಲ್ಲಿ ರಿಯಾಯಿತಿ ಕೊಡುತ್ತಾರೆ. ಅಂದರೆ ನಾವು ಇದ್ದೇವೆ ಅಂತ ಅವರಿಗೆ ಗೊತ್ತು. ಆರೋಗ್ಯ ಇಲಾಖೆಗೂ ಗೊತ್ತಾಗಬೇಕಲ್ವಾ?

ಏನು ತಿಂದರೆ ಏನಾಯಿತು ಅಂತ ಮಂಡಿಯ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ. ಯಾರಾದರೂ ಡಯಟಿಷಿಯನ್ ಅದನ್ನು ನೋಡಿ ತಿದ್ದುವುದಾದರೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ನಾನೇ ಪ್ರತಿ ತೆಗೆಸಿ ಕೊಡುತ್ತೇನೆ. ಮಗಳ ಮದುವೆ ಮಾತುಕತೆ ನಡೆಯುತ್ತಿದೆ, ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು
ತಿಪಟೂರು, ತುಮಕೂರು ಜಿಲ್ಲೆ