ಅವಧಿ ಮುಗಿದ ಪಂಚಾಯಿತಿ, ಮುಗಿಯದ ಆಡಳಿತಾಧಿಕಾರಿ ಕಾಲ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ತಾಲ್ಲೂಕು ಪಂಚಾಯಿತಿ ಕಚೇರಿಯ ಸಭಾಂಗಣದ ಗೋಡೆಯ ಮೇಲೆ ಅಧ್ಯಕ್ಷರ ಹೆಸರುಗಳನ್ನು ಬರೆದ ಮರದ ಫಲಕವೊಂದಿದೆ. ಕ್ರಮಸಂಖ್ಯೆ, ಹೆಸರು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಹಳದಿ ಬಣ್ಣದಲ್ಲಿ ಬರೆದಿರುವ ಆ ಪಟ್ಟಿ 2021ಕ್ಕೆ ನಿಂತುಹೋಗಿದೆ. ನಮ್ಮೂರ ಶಾಲೆಯ ಸೋರುವ ಕೊಠಡಿಯ ಬಗ್ಗೆ ಮನವಿ ಕೊಡಲು ಈಚೆಗೆ ಅಲ್ಲಿಗೆ ಹೋಗಿದ್ದಾಗ ಸಭಾಂಗಣದ ಬಾಗಿಲು ತೆರೆದಿತ್ತು. ಸದಸ್ಯರು ಕೂರುತ್ತಿದ್ದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸಿದ್ದರು. ಮೇಜಿನ ಮೇಲೆ ಯಾವುದೋ ತರಬೇತಿ ಶಿಬಿರದ ಬ್ಯಾನರನ್ನು ಸುತ್ತಿ ಇಟ್ಟಿದ್ದರು. ಮನವಿಯನ್ನು ಟಪಾಲಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ಅದನ್ನು ಪಡೆದ ಗುಮಾಸ್ತರು ಸೌಜನ್ಯದಿಂದಲೇ, 'ಆಡಳಿತಾಧಿಕಾರಿಗಳು ಬಂದಾಗ ಮಂಡಿಸುತ್ತೇವೆ ಸಾರ್' ಎಂದರು. ಆ ಅಧಿಕಾರಿ ಯಾವಾಗ ಬರುತ್ತಾರೆಂಬುದು ಅವರಿಗೂ ಗೊತ್ತಿರಲಿಲ್ಲ. ಅಧಿಕಾರಿಯ ಮೂಲ ಹುದ್ದೆ ಬೇರೆಡೆ ಇದೆ; ಇದು ಅವರಿಗೆ ವಹಿಸಿರುವ ಹೆಚ್ಚುವರಿ ಹೊಣೆ.

ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಹಾಗೆ ಆಯ್ಕೆಯಾದವರ ಐದು ವರ್ಷಗಳ ಅವಧಿ 2021ರಲ್ಲಿ ಮುಗಿಯಿತು. ಅದಾಗಿ ನಾಲ್ಕು ವರ್ಷಗಳು ದಾಟಿದರೂ ಈ ಎರಡು ಹಂತಗಳ ಆಡಳಿತ ಅಧಿಕಾರಿಗಳ ಕೈಯಲ್ಲಿಯೇ ಇದೆ. ಪತ್ರಿಕೆಗಳಲ್ಲಿ ಈ ಸುದ್ದಿ 'ಚುನಾವಣೆ ಮತ್ತೆ ಮುಂದಕ್ಕೆ' ಎಂಬ ಶೀರ್ಷಿಕೆಯಲ್ಲಿ ಬಂದು ಹೋಗುತ್ತದೆ. ಓದುವವರಿಗೂ ಅದು ಪರೀಕ್ಷೆಯ ವೇಳಾಪಟ್ಟಿ ಬದಲಾದಷ್ಟೇ ಸಾಮಾನ್ಯ ಸಂಗತಿಯಾಗಿಬಿಟ್ಟಿದೆ. ಇದು ವೇಳಾಪಟ್ಟಿಯ ವಿಷಯವಲ್ಲ, ಸಂವಿಧಾನದ ಉಲ್ಲಂಘನೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಸಂವಿಧಾನದ 243ಇ ವಿಧಿ ಪಂಚಾಯಿತಿಯ ಅವಧಿಯನ್ನು ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ ಎಂದು ನಿಗದಿಪಡಿಸಿ, 'ಅದಕ್ಕಿಂತ ಹೆಚ್ಚಿಲ್ಲ' ಎಂದೂ ಸೇರಿಸುತ್ತದೆ. ಆ ಅವಧಿ ಮುಗಿಯುವುದಕ್ಕೆ ಮೊದಲೇ ಹೊಸ ಚುನಾವಣೆ ಪೂರ್ಣಗೊಂಡಿರಬೇಕು ಎಂದು ವಿಧಿಸುತ್ತದೆ. ಪಂಚಾಯಿತಿಯನ್ನು ನಡುವೆಯೇ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. 'ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ' ಎಂಬ ಮಾತುಗಳು ಲೋಕಸಭೆಯ ಅವಧಿಯನ್ನು ಹೇಳುವ 83ನೇ ವಿಧಿಯಲ್ಲಿಯೂ ವಿಧಾನಸಭೆಯ ಅವಧಿಯನ್ನು ಹೇಳುವ 172ನೇ ವಿಧಿಯಲ್ಲಿಯೂ ಇವೆ. ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಗಮನಿಸಿದವರು ಕಡಿಮೆ. ಲೋಕಸಭೆ ಮತ್ತು ವಿಧಾನಸಭೆಗಳ ಅವಧಿಯನ್ನು ತುರ್ತು ಪರಿಸ್ಥಿತಿ ಜಾರಿಯಲ್ಲಿರುವಾಗ ಸಂಸತ್ತು ಕಾನೂನು ಮಾಡಿ ಒಂದು ಸಲಕ್ಕೆ ಒಂದು ವರ್ಷ ಮೀರದಂತೆ ವಿಸ್ತರಿಸಬಹುದು. 1971ರಲ್ಲಿ ಆಯ್ಕೆಯಾದ ಲೋಕಸಭೆ 1976ಕ್ಕೆ ಮುಗಿಯದೆ, ಚುನಾವಣೆ 1977ರ ಮಾರ್ಚ್‌ನಲ್ಲಿ ನಡೆದದ್ದು ಈ ಅವಕಾಶದಿಂದಲೇ. ಪಂಚಾಯಿತಿಗಳ ವಿಧಿಯಲ್ಲಿ ಅಂತಹ ಅವಕಾಶವೇ ಇಲ್ಲ. ಅಂದರೆ, ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದರೂ ಪಂಚಾಯಿತಿ ಚುನಾವಣೆಯ ಗಡುವನ್ನು ದಾಟಲು ಸಂವಿಧಾನ ದಾರಿ ಬಿಟ್ಟಿಲ್ಲ. ದೇಶದಲ್ಲಿ ತುರ್ತು ಪರಿಸ್ಥಿತಿ ಇಲ್ಲದ ಕಾಲದಲ್ಲಿ, ಯಾವ ಸಂಸತ್ತಿನ ಕಾನೂನೂ ಇಲ್ಲದೆ, ಕಡತಗಳ ಓಡಾಟದಲ್ಲಿಯೇ ಈ ಗಡುವು ವರ್ಷಗಟ್ಟಲೆ ಹಿಂದೆ ಉಳಿದಿದೆ.

ಸಂವಿಧಾನ ಇಷ್ಟು ಬಿಗಿಯಾಗಿ ಬರೆದುದಕ್ಕೆ ಕಾರಣವಿದೆ, ಮತ್ತು ಆ ಕಾರಣದಲ್ಲಿ ನಮ್ಮ ರಾಜ್ಯದ ಅನುಭವವೂ ಸೇರಿದೆ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಕಾಲುಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ನಾನು ಆಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಶಿಕ್ಷಕ. ಮತಗಟ್ಟೆಯ ಕೆಲಸಕ್ಕೆ ಹಾಕಿದ್ದರು. ಶಾಲೆಯ ಜಗುಲಿಯ ಮೇಲೆ ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು ಸಾಲಿನಲ್ಲಿ ಕೂತಿದ್ದ ಹೆಂಗಸರು ಇಂದಿಗೂ ಕಣ್ಣ ಮುಂದಿದ್ದಾರೆ. ದೇಶವೆಲ್ಲ ತಿರುಗಿ ನೋಡಿದ ಆ ಸಂಸ್ಥೆಗಳ ಅವಧಿ 1992ರ ಆರಂಭದಲ್ಲಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಒಪ್ಪಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ, 243ಇ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ 73ನೇ ತಿದ್ದುಪಡಿಯ ಉದ್ದೇಶಗಳ ವಿವರಣೆಯಲ್ಲಿ, ಪಂಚಾಯಿತಿಗಳು ಬಲಗೊಳ್ಳದಿರುವುದಕ್ಕೆ ಕೊಟ್ಟಿರುವ ಕಾರಣಗಳಲ್ಲಿ ಮೊದಲನೆಯದೇ ನಿಯತವಾಗಿ ಚುನಾವಣೆ ನಡೆಯದಿರುವುದು, ಎರಡನೆಯದು ದೀರ್ಘಕಾಲದ ಸೂಪರ್‌ಸೀಡ್, ಅಂದರೆ ಚುನಾಯಿತ ಸಂಸ್ಥೆಯನ್ನು ಬದಿಗೆ ಸರಿಸಿ ಅಧಿಕಾರಿಗಳಿಂದ ಆಡಳಿತ ನಡೆಸುವುದು. ರೋಗವನ್ನು ಗುರುತಿಸಿಯೇ ಕೊಟ್ಟ ಮದ್ದು ಅದು. ಹಾಗಿದ್ದೂ ಮೂರು ದಶಕಗಳ ಮೇಲೆ ನಾವು ಮತ್ತೆ 1992ರ ಸ್ಥಿತಿಯಲ್ಲಿಯೇ ನಿಂತಿರುವುದು ನನ್ನಂಥವರಿಗೆ ಬಹಳ ನೋವಿನ ಸಂಗತಿ.

ಸರ್ಕಾರದ ಕಡೆಯ ವಾದವನ್ನು ತಳ್ಳಿಹಾಕುವಂತಿಲ್ಲ, ಅದನ್ನೂ ನೋಡೋಣ. 2021ರಲ್ಲಿ ಕೋವಿಡ್ ಇತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ ನಿಗದಿಗೆ ಆಯೋಗದ ಅಧ್ಯಯನ ಸೇರಿದಂತೆ ಮೂರು ಷರತ್ತುಗಳನ್ನು ಕಡ್ಡಾಯ ಮಾಡಿತು. ಹಿಂದುಳಿದ ವರ್ಗಗಳಿಗೆ ನ್ಯಾಯವಾದ ಪಾಲು ಸಿಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೋವಿಡ್ ನಡುವೆಯೇ, 2020ರ ಡಿಸೆಂಬರ್‌ನಲ್ಲಿ, ಇದೇ ರಾಜ್ಯ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಎರಡು ಹಂತಗಳಲ್ಲಿ ಅಚ್ಚುಕಟ್ಟಾಗಿ ನಡೆಸಿತ್ತು. (ಆಗ ಗೆದ್ದವರ ಐದು ವರ್ಷದ ಲೆಕ್ಕವೂ 2026ರ ಆರಂಭದವರೆಗೆ ಮಾತ್ರ ಎಂಬುದನ್ನು ಮರೆಯಬಾರದು.) 2023ರಲ್ಲಿ ವಿಧಾನಸಭೆಗೂ 2024ರಲ್ಲಿ ಲೋಕಸಭೆಗೂ ಒಂದು ದಿನವೂ ತಪ್ಪದೆ ಚುನಾವಣೆ ಆಯಿತು, ಅದೇ ಮತಗಟ್ಟೆಗಳು, ಅದೇ ಶಿಕ್ಷಕರು. ಮೀಸಲಾತಿಯ ವಿಷಯದಲ್ಲಿಯೂ, 2022ರ ಮೇ 10ರಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಷರತ್ತುಗಳನ್ನು ಪೂರೈಸಲು ಆಗದಿದ್ದರೆ ಆ ಸ್ಥಾನಗಳನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿ ಚುನಾವಣೆ ನಡೆಸಬೇಕು, ಅವಧಿ ಮೀರುವಂತಿಲ್ಲ. ಇದಕ್ಕೂ ಮೊದಲು 2006ರಲ್ಲಿ, ಅಹಮದಾಬಾದ್ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಕ್ಷೇತ್ರ ವಿಂಗಡಣೆ ಅಥವಾ ಮತದಾರರ ಪಟ್ಟಿ ಪರಿಷ್ಕರಣೆ ಬಾಕಿಯಿದೆ ಎಂಬುದು ಚುನಾವಣೆ ತಡಮಾಡಲು ಕಾರಣವಾಗದು ಎಂದಿತ್ತು. ಸರ್ಕಾರ ಸಹಕರಿಸದಿದ್ದರೆ ರಾಜ್ಯ ಚುನಾವಣಾ ಆಯೋಗವೇ ಹೈಕೋರ್ಟ್ ಮೆಟ್ಟಿಲೇರಬಹುದು ಎಂದೂ ಹೇಳಿತ್ತು.

ನಮ್ಮಲ್ಲಿ ನಡೆದುದು ಏನು? 2021ರ ಜುಲೈ ಹೊತ್ತಿಗೆ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿತ್ತು. ಆಗ ರಾಜ್ಯದ ಪಂಚಾಯಿತಿ ಕಾಯ್ದೆಗೆ ತಿದ್ದುಪಡಿ ತಂದು ವಿಂಗಡಣೆಯ ಅಧಿಕಾರವನ್ನು ಆಯೋಗದಿಂದ ತೆಗೆದು, ಸರ್ಕಾರ ನೇಮಿಸುವ ಬೇರೆ ಆಯೋಗಕ್ಕೆ ಕೊಡಲಾಯಿತು. ಅಂದಿನ ಸರ್ಕಾರ ಬಿಜೆಪಿಯದು. 2023ರಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೂ ಚುನಾವಣೆ ಆಗಲಿಲ್ಲ. ನ್ಯಾಯಾಲಯದಲ್ಲಿ ಕಾಲಾವಕಾಶ ಕೇಳುವುದು ಮುಂದುವರಿಯಿತು. ಆದ್ದರಿಂದ ಇದನ್ನು ಒಂದು ಪಕ್ಷದ ತಪ್ಪು ಎಂದು ನಾನು ಬರೆಯುತ್ತಿಲ್ಲ. ಬೆಂಗಳೂರಿನ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ನಡೆದುದೂ ಇದೇ ಕಥೆ. ಚುನಾವಣೆ ಯಾವಾಗ ಎಂಬುದನ್ನು ತೀರ್ಮಾನಿಸುವ ಕೀಲಿಕೈ ಯಾರ ಕೈಯಲ್ಲಿದೆಯೋ ಅವರಿಗೆ ಅದನ್ನು ತಡಮಾಡುವ ಆಸೆಯೂ ಹುಟ್ಟುತ್ತದೆ. ಜಿಲ್ಲಾ ಪಂಚಾಯಿತಿ ಸದಸ್ಯರಿಲ್ಲದಿದ್ದರೆ ಅನುದಾನದ ಹಂಚಿಕೆಯಲ್ಲಿ ಶಾಸಕರ ಮಾತೇ ಮಾತಾಗುತ್ತದೆ ಎಂಬುದು ಹಳ್ಳಿಯಲ್ಲಿ ಎಲ್ಲರೂ ಕಂಡಿರುವ ಸತ್ಯ. ಆ ಕೀಲಿಕೈ ಸರ್ಕಾರದ ಬಳಿ ಇರಬಾರದೆಂದೇ 243ಕೆ ವಿಧಿ ಪಂಚಾಯಿತಿ ಚುನಾವಣೆಗಳ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಸ್ವತಂತ್ರ ಆಯೋಗಕ್ಕೆ ವಹಿಸಿದೆ.

1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ ಅಂಬೇಡ್ಕರ್ ಅವರು, ಸಂವಿಧಾನದ ರೂಪವನ್ನು ಮುಟ್ಟದೆಯೇ ಆಡಳಿತದ ರೂಪವನ್ನು ಬದಲಿಸುವ ಮೂಲಕ ಸಂವಿಧಾನವನ್ನು ಕೆಡಿಸುವುದು ಸಾಧ್ಯ ಎಂದು ಎಚ್ಚರಿಸಿದ್ದರು. ಮೂವತ್ತೈದು ವರ್ಷ ಮಕ್ಕಳಿಗೆ ಪೌರನೀತಿ ಪಾಠ ಹೇಳಿದ ನನಗೆ ಆ ಮಾತಿನ ಅರ್ಥ ಪೂರ್ತಿ ಹೊಳೆದದ್ದು ಪೇರಿಸಿಟ್ಟ ಆ ಕುರ್ಚಿಗಳನ್ನು ನೋಡಿದಾಗ. 243ಇ ವಿಧಿಯ ಒಂದು ಅಕ್ಷರವೂ ಬದಲಾಗಿಲ್ಲ, ಆದರೆ ಅದರ ಕೆಳಗೆ ಇರಬೇಕಾಗಿದ್ದ ಸಭೆಯೇ ಇಲ್ಲ.

ಸಭೆ ಇಲ್ಲದಿದ್ದರೆ ಏನು ನಷ್ಟ, ಕೆಲಸಗಳು ಅಧಿಕಾರಿಗಳಿಂದ ನಡೆಯುತ್ತಿವೆಯಲ್ಲ ಎನ್ನುವವರಿದ್ದಾರೆ. ಅಂಥವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಹಿಂದಿನ ಅವಧಿಯಲ್ಲಿ ನಮ್ಮ ಕ್ಷೇತ್ರದ ತಾಲ್ಲೂಕು ಪಂಚಾಯಿತಿ ಸದಸ್ಯೆಯಾಗಿದ್ದವರು ಏಳನೇ ತರಗತಿ ಓದಿದ ಹೆಣ್ಣುಮಗಳು; ಮೀಸಲು ಸ್ಥಾನದಿಂದ ಗೆದ್ದವರು. ಸಾಮಾನ್ಯ ಸಭೆಯ ದಿನ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಕುಡಿಯುವ ನೀರಿನ ಟ್ಯಾಂಕಿನ ಬಿಲ್ಲು ಆಗಿದೆ, ಟ್ಯಾಂಕಿಗೆ ಪೈಪು ಮಾತ್ರ ಬಂದಿಲ್ಲ ಎಂದು ಒಂದು ಸಭೆಯಲ್ಲಿ ಕೇಳಿದಾಗ ಎಂಜಿನಿಯರ್ 'ಪರಿಶೀಲಿಸುತ್ತೇನೆ' ಎಂದರು. ಮುಂದಿನ ಸಭೆಯಲ್ಲಿ ಆಕೆ ಹಿಂದಿನ ನಡಾವಳಿಯ ಪ್ರತಿಯನ್ನು ಹಿಡಿದು, 'ನೀವು ಹೇಳಿದ್ದು ಇಲ್ಲಿ ಬರೆದಿದೆ, ಓದಿ' ಎಂದರಂತೆ. ಪೈಪು ಬಂತು. ಇಂದು ಅದೇ ಮೇಜಿನ ಸುತ್ತ ಅಧಿಕಾರಿಯ ವರದಿಯನ್ನು ಅಧಿಕಾರಿಯೇ ಪರಿಶೀಲಿಸುತ್ತಾರೆ. ಅವರಲ್ಲಿ ಪ್ರಾಮಾಣಿಕರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರನ್ನು ಬಸ್ಸಿನಲ್ಲಿ ಹಿಡಿದು 'ಏನಾಯ್ತು ನಮ್ಮ ಕೆಲಸ' ಎಂದು ಕೇಳುವ ಹಕ್ಕು ಊರಿನವರಿಗಿಲ್ಲ, ಐದು ವರ್ಷಕ್ಕೊಮ್ಮೆ ಅವರನ್ನು ಬದಲಿಸುವ ಅಧಿಕಾರವೂ ಇಲ್ಲ. 2016ರಲ್ಲಿ ಎರಡೂ ಹಂತಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಸದಸ್ಯರು ಆಯ್ಕೆಯಾಗಿದ್ದರು. ನಮ್ಮ ರಾಜ್ಯದ ಕಾನೂನಿನಂತೆ ಅರ್ಧದಷ್ಟು ಸ್ಥಾನ ಮಹಿಳೆಯರದು. ಅಷ್ಟು ಹೆಣ್ಣುಮಕ್ಕಳ ದನಿ ಈ ವರ್ಷಗಳಲ್ಲಿ ಯಾವ ನಡಾವಳಿಯಲ್ಲಿಯೂ ದಾಖಲಾಗಿಲ್ಲ.

ಇನ್ನೊಂದು ನಷ್ಟ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. 243ಝಡ್‌ಡಿ ವಿಧಿಯಂತೆ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಭಾಗದಷ್ಟು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣ ಸಂಸ್ಥೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದ ಆರಿಸಬೇಕು. ಜಿಲ್ಲಾ ಪಂಚಾಯಿತಿಯೇ ಇಲ್ಲದ ಮೇಲೆ ಹಳ್ಳಿಗಳ ಪರವಾಗಿ ಅಲ್ಲಿಗೆ ಹೋಗುವವರು ಯಾರು? ಹಣಕಾಸು ಆಯೋಗದ ಅನುದಾನಕ್ಕೂ ಚುನಾಯಿತ ಸಂಸ್ಥೆ ಇರಬೇಕೆಂಬ ಷರತ್ತಿದೆ.

ನನ್ನ ಕೋರಿಕೆಗಳು ಕೆಲವೇ. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕೆಲಸವನ್ನು ವಿಧಾನಮಂಡಲ ಮತ್ತೆ ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಆ ಕೆಲಸ ಮುಗಿಯಬೇಕು, ಮುಗಿಯದಿದ್ದರೆ ಹಿಂದಿನ ವಿಂಗಡಣೆಯಂತೆಯೇ ಚುನಾವಣೆ ನಡೆಯಬೇಕು ಎಂದು ಕಾಯ್ದೆಯಲ್ಲಿಯೇ ಬರೆಯಬೇಕು. ಆಯೋಗವು 2006ರ ತೀರ್ಪು ತನಗೆ ಕೊಟ್ಟಿರುವ ದಾರಿಯನ್ನು ಪೂರ್ತಿ ಬಳಸಬೇಕು. ಆಡಳಿತಾಧಿಕಾರಿಗಳು ಇರುವಷ್ಟು ದಿನ, ಅವರು ಕೈಗೊಂಡ ನಿರ್ಣಯಗಳನ್ನೂ ಖರ್ಚಿನ ವಿವರವನ್ನೂ ಪ್ರತಿ ತಿಂಗಳು ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕುವಂತೆ ಸರ್ಕಾರ ಇಂದೇ ಆದೇಶ ಹೊರಡಿಸಬಹುದು, ಅದಕ್ಕೆ ಯಾವ ತಿದ್ದುಪಡಿಯೂ ಬೇಡ. ತಮ್ಮ ಪತ್ರಿಕೆಯೂ ಈ ವಿಷಯವನ್ನು ಜಿಲ್ಲಾ ಪುಟಗಳಿಂದ ಮುಖಪುಟಕ್ಕೆ ತರಬೇಕೆಂದು ವಿನಂತಿಸುತ್ತೇನೆ. ಶಾಲೆಯ ಕೊಠಡಿಯ ಬಗ್ಗೆ ನಾನು ಕೊಟ್ಟ ಮನವಿಗೆ ಈ ಪತ್ರ ಬರೆಯುವವರೆಗೆ ಉತ್ತರ ಬಂದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ