ಟಿಪ್ಪಣಿ ತಂತ್ರಾಂಶಗಳ ಮೆನು ಕೀಲಿಮಣೆಗೂ ಸಿಗಲಿ

ಮಾನ್ಯ ಸಂಪಾದಕರೇ,

ಟಿಪ್ಪಣಿ ಬರೆದುಕೊಳ್ಳುವ ತಂತ್ರಾಂಶಗಳಲ್ಲಿ ಬರವಣಿಗೆಯೆಲ್ಲ ಕೀಲಿಮಣೆಯಲ್ಲೇ ನಡೆದರೂ, ಬರೆದದ್ದನ್ನು ಬೇರೊಂದು ಫೋಲ್ಡರಿಗೆ ಸಾಗಿಸುವುದಕ್ಕೋ ಪಿಡಿಎಫ್ ಆಗಿ ಉಳಿಸುವುದಕ್ಕೋ ಮೌಸ್ ಹಿಡಿಯದೆ ಗತ್ಯಂತರವಿಲ್ಲದ ಸ್ಥಿತಿ ಹಲವೆಡೆ ಇದೆ. ನಾನು ದಿನವೂ ಬಳಸುವ ತಂತ್ರಾಂಶದಲ್ಲಿ ಟಿಪ್ಪಣಿಯ ಹೆಸರಿನ ಮೇಲೆ ಮೌಸ್ ಬಾಣ ಬಂದಾಗ ಮಾತ್ರ ಮೂರು ಚುಕ್ಕಿಗಳು ಕಾಣಿಸಿಕೊಳ್ಳುತ್ತವೆ. ಅಳಿಸುವ, ನಕಲಿಸುವ, ಸಾಗಿಸುವ ಆಯ್ಕೆಗಳೆಲ್ಲ ಅವುಗಳ ಹಿಂದೆ ಅಡಗಿದ್ದು, ಟ್ಯಾಬ್ ಕೀಲಿಯನ್ನು ಎಷ್ಟು ಒತ್ತಿದರೂ ಅಲ್ಲಿಗೆ ತಲುಪಲಾಗದು. ಮಣಿಕಟ್ಟಿನ ನೋವಿರುವ ನನಗೆ ಇದು ಕಿರಿಕಿರಿಯಷ್ಟೇ. ಎನ್‌ವಿಡಿಎ, ಓರ್ಕಾದಂತಹ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳನ್ನು ನಂಬಿರುವ ದೃಷ್ಟಿಹೀನರ ಪಾಲಿಗಾದರೋ ಆ ಆಯ್ಕೆಗಳು ಇಲ್ಲವೇ ಇಲ್ಲ.

ಇದು ಹೊಸದಾಗಿ ಕಂಡುಹಿಡಿಯಬೇಕಾದ ವಿದ್ಯೆಯೇನಲ್ಲ. ಎಫ್10 ಒತ್ತಿದರೆ ಮೆನು ಪಟ್ಟಿಗೆ ಹೋಗುವ ರೂಢಿಯನ್ನು ಐಬಿಎಂ 1987ರಲ್ಲೇ ತನ್ನ ವಿನ್ಯಾಸ ಸೂತ್ರಗಳಲ್ಲಿ ಸೇರಿಸಿತ್ತು. ಅಂಗವಿಕಲರಿಗೂ ವೆಬ್ ಬಳಸಲು ಬರುವಂತಿರಬೇಕೆಂದು ರೂಪಿಸಿದ 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ, ವೆಬ್‌ನಲ್ಲಿ ಎಲ್ಲ ಕೆಲಸವೂ ಕೀಲಿಮಣೆಯಿಂದ ಸಾಧ್ಯವಾಗಬೇಕೆಂಬುದನ್ನು ಅತ್ಯಂತ ಕನಿಷ್ಠ ಹಂತದ ಷರತ್ತಾಗಿಯೇ ಇಟ್ಟಿದೆ. ವಿನಾಯಿತಿ ಇರುವುದು ಕೈಬರಹದಂತೆ, ಕೈ ಚಲಿಸಿದ ಜಾಡೇ ಮುಖ್ಯವಾಗುವ ಕೆಲಸಗಳಿಗೆ ಮಾತ್ರ. ಟಿಪ್ಪಣಿಯೊಂದನ್ನು ಅಳಿಸುವುದು ಆ ಜಾತಿಗೆ ಸೇರದು.

‘ಶಾರ್ಟ್‌ಕಟ್‌ಗಳನ್ನು ಕೊಟ್ಟಿದ್ದೇವಲ್ಲ’ ಎಂಬ ಸಮಜಾಯಿಷಿ ಸಾಲದು. ಶಾರ್ಟ್‌ಕಟ್ಟನ್ನು ನೆನಪಿಡಬೇಕು, ಮೆನುವನ್ನು ಓದಿದರೆ ಸಾಕು. ತಿಂಗಳಿಗೊಮ್ಮೆ ಬೇಕಾಗುವ ಆಯ್ಕೆಗೆ ಮೂರು ಕೀಲಿಗಳ ಜೋಡಣೆಯನ್ನು ಯಾರು ಬಾಯಿಪಾಠ ಮಾಡಿಯಾರು? ಮೇಲಾಗಿ, ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳ ಜೋಡಿಯು ಹೆಚ್ಚುವರಿ ಅಕ್ಷರಗಳನ್ನು ಮೂಡಿಸುವ ಬಲಬದಿಯ ಆಲ್ಟ್‌ಜಿಆರ್ ಕೀಲಿಗೆ ಸಮಾನವಾದುದರಿಂದ, ಕೆಲವು ಭಾಷೆಗಳ ಕೀಲಿ ವಿನ್ಯಾಸದಲ್ಲಿ ಒಂದು ಅಕ್ಷರ ಮೂಡಿಸಲು ಹೋದವರಿಗೆ ಇನ್ನಾವುದೋ ಆಯ್ಕೆ ಚಾಲನೆಗೊಂಡು ಗಾಬರಿಯಾಗುವುದುಂಟು. ಆಯ್ಕೆಯ ಹೆಸರನ್ನು ಟೈಪಿಸಿ ಹುಡುಕುವ ಕಮಾಂಡ್ ಪ್ಯಾಲೆಟ್ ನಿಜಕ್ಕೂ ಒಳ್ಳೆಯ ಏರ್ಪಾಡು, ಆದರೆ ಹೆಸರು ಗೊತ್ತಿದ್ದವರಿಗೆ.

ಆದ್ದರಿಂದ ತಂತ್ರಾಂಶ ರೂಪಿಸುವವರು ಮೊದಲು ಮೆನುವಿನ ಪ್ರತಿ ಆಯ್ಕೆಯನ್ನೂ ಬಾಣದ ಕೀಲಿಗಳಿಂದ ತಲುಪುವಂತೆ ಮಾಡಲಿ. ಶಾರ್ಟ್‌ಕಟ್ ಇದ್ದರೆ ಅದನ್ನು ಆಯ್ಕೆಯ ಪಕ್ಕದಲ್ಲೇ ತೋರಿಸಿ, ಬೇಕಾದವರು ಬದಲಿಸಿಕೊಳ್ಳಲು ಬಿಡಲಿ. ಎಸ್ಕೇಪ್ ಒತ್ತಿ ಮೆನು ಮುಚ್ಚಿದಾಗ ಕರ್ಸರ್ ಟಿಪ್ಪಣಿಯ ತಲೆಗೆ ಹಾರದೆ, ಬರೆಯುತ್ತಿದ್ದ ಪದದ ಬಳಿಗೇ ಮರಳಲಿ.

ಇಂತಿ,
ಓರ್ವ ಓದುಗ