ಮೊದಲು ಬಂದ ಅಂಕಿಯನ್ನೇ ಬರೆ

ಪ್ರೀತಿಯ ಗೆಳೆಯಾ,

ಔಷಧ ಕಂಪನಿಯಿಂದ ಆಫರ್ ಲೆಟರ್ ಬಂತು ಎಂದು ನೀನು ಬರೆದದ್ದು ಓದಿ ತುಂಬಾ ಖುಷಿಯಾಯಿತು. ಜೊತೆಗೆ ಎರಡು ಪ್ರಶ್ನೆ ಕೇಳಿದ್ದೀಯ. ಒಳಗೆ ದಿನ ಹೇಗೆ ಕಳೆಯುತ್ತದೆ? ದೊಡ್ಡ ಔಷಧ ಕಂಪನಿ ಎಂದರೆ ಬರೀ ದುಡ್ಡಿನ ದಂಧೆ ಅಂತಾರಲ್ಲ, ಅದು ಎಷ್ಟು ನಿಜ? ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯವಲ್ಲ ಇದು. ನಿನ್ನ ಹಾಗೆಯೇ ಸೇರಲೋ ಬೇಡವೋ ಎಂದು ಯೋಚಿಸುತ್ತಿರುವವರು ಬೇರೆಯವರೂ ಇರುತ್ತಾರೆ, ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹೊಸ ಔಷಧ ಕಂಡುಹಿಡಿಯುವ ಕನಸು ಕಟ್ಟಿಕೊಂಡು ಬರುವುದಾದರೆ ಬೇಡ. ಕಂಪನಿಯಲ್ಲಿ ಸಾವಿರಾರು ಜನ ಇದ್ದರೂ ಸಂಶೋಧನೆಯ ಕಡೆ ಇರುವವರು ಕಡಿಮೆ. ಅವರಲ್ಲಿಯೂ ತಾವು ದುಡಿದ ಅಣು, ಅಂದರೆ ಔಷಧವಾಗಬಹುದಾದ ರಾಸಾಯನಿಕ, ಮಾತ್ರೆಯಾಗಿ ಹೊರಬಂದದ್ದನ್ನು ಕಣ್ಣಾರೆ ಕಂಡವರು ಇನ್ನೂ ಕಡಿಮೆ. ಮನುಷ್ಯರ ಮೇಲಿನ ಟ್ರಯಲ್‌ವರೆಗೆ ಬಂದ ಹತ್ತು ಔಷಧಗಳಲ್ಲಿ ಕೊನೆಗೆ ಅನುಮತಿ ಸಿಗುವುದು ಹೆಚ್ಚುಕಡಿಮೆ ಒಂದಕ್ಕೆ. ಶುರುವಿನಿಂದ ಲೆಕ್ಕ ಹಾಕಿದರೆ ಆ ಒಂದಕ್ಕೂ ಹತ್ತು ವರ್ಷ ದಾಟುವುದು ಸಾಮಾನ್ಯ. ನನ್ನ ಸಹೋದ್ಯೋಗಿಯೊಬ್ಬರು ಒಂದೇ ಅಣುವಿನ ಹಿಂದೆ ವರ್ಷಗಟ್ಟಲೆ ದುಡಿದರು. ಮೂರನೇ ಹಂತದ ಟ್ರಯಲ್‌ನಲ್ಲಿ, ಈಗಾಗಲೇ ಇರುವ ಔಷಧಕ್ಕಿಂತ ಇದರಿಂದ ಹೆಚ್ಚಿನ ಗುಣವೇನೂ ಇಲ್ಲ ಎಂದು ಗೊತ್ತಾಯಿತು. ಪ್ರಾಜೆಕ್ಟ್ ಅಲ್ಲಿಗೇ ನಿಂತಿತು. ಮುಂದಿನ ವಾರ ಅವರು ಬೇರೆ ಫೈಲು ತೆರೆದು ಕೂತಿದ್ದರು. ಅವರನ್ನು ಕಂಡರೆ ನನಗೆ ಬಹಳ ಗೌರವ. ಗುಣವಿಲ್ಲದ ಔಷಧ ರೋಗಿಯ ಕೈಗೆ ಹೋಗದಂತೆ ತಡೆದದ್ದು ಅವರ ಅಷ್ಟು ವರ್ಷಗಳ ದುಡಿಮೆಯೇ ತಾನೆ?

ನೀನು ಬರುತ್ತಿರುವುದು ಕ್ಯೂಸಿ ಲ್ಯಾಬಿಗೆ, ಅಂದರೆ ಗುಣಮಟ್ಟ ಪರೀಕ್ಷಿಸುವ ನಮ್ಮ ಕಡೆಗೆ. ಇಲ್ಲಿ ಕೆಲಸದ ಅರ್ಧ ಭಾಗ ಬರೆಯುವುದೇ. ತಕ್ಕಡಿಯಲ್ಲಿ ತೂಗಿದ ಕೂಡಲೇ ಬರೆಯಬೇಕು, ಆಮೇಲೆ ನೆನಪಿಸಿಕೊಂಡು ಬರೆಯುವ ಹಾಗಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸಹಿ, ತಾರೀಖು, ಕಾರಣ. ವೈಟ್ನರ್, ಪೆನ್ಸಿಲ್, ಚೀಟಿಯಲ್ಲಿ ಗೀಚಿಕೊಳ್ಳುವುದು, ಇವೆಲ್ಲಕ್ಕೂ ನಿಷೇಧ. ಪ್ರೊಡಕ್ಷನ್ ಕಡೆ ಹೋಗಬೇಕೆಂದರೆ ಗಡಿಯಾರ, ಉಂಗುರ ಬಿಚ್ಚಿ, ಪೌಡರ್, ಸೆಂಟು ಏನೂ ಇಲ್ಲದೆ, ಗೌನು ತೊಟ್ಟು, ಕೂದಲು ಮುಚ್ಚಿ ಒಳಗೆ ಕಾಲಿಡಬೇಕು. ಒಂದು ಬ್ಯಾಚ್ ಮುಗಿಸಿ ಇನ್ನೊಂದನ್ನು ಶುರು ಮಾಡುವ ಮೊದಲು ಲೈನ್ ಕ್ಲಿಯರೆನ್ಸ್: ಹಳೆಯ ಬ್ಯಾಚಿನ ಒಂದೇ ಒಂದು ಮಾತ್ರೆ, ಒಂದೇ ಒಂದು ಲೇಬಲ್ ಯಂತ್ರದ ಸಂದಿಯಲ್ಲಿ ಉಳಿದಿಲ್ಲ ಎಂದು ಇಬ್ಬರು ನೋಡಿ ಸಹಿ ಹಾಕುತ್ತಾರೆ. ಸ್ಟೆಬಿಲಿಟಿ ಚೇಂಬರಿನಲ್ಲಿ 40 ಡಿಗ್ರಿ ಉಷ್ಣತೆ, 75 ಶೇಕಡಾ ಆರ್ದ್ರತೆಯಲ್ಲಿ ಆರು ತಿಂಗಳು ಮಾತ್ರೆಗಳನ್ನಿಟ್ಟು, ಆಗಾಗ ಹೊರತೆಗೆದು ಪರೀಕ್ಷೆ ಮಾಡುತ್ತೇವೆ. ಸಾಧಾರಣ ಉಷ್ಣತೆಯಲ್ಲಿ ಇಟ್ಟ ಮಾತ್ರೆಗಳ ಪರೀಕ್ಷೆ ವರ್ಷಗಳವರೆಗೆ ನಡೆಯುತ್ತದೆ. ಡಬ್ಬಿಯ ಮೇಲಿರುವ ಎಕ್ಸ್‌ಪೈರಿ ತಾರೀಖಿನ ಹಿಂದೆ ಇಷ್ಟು ಕಾಯುವಿಕೆ ಇದೆ.

ಮೊದಲ ಕೆಲವು ತಿಂಗಳು ನಿನಗೆ ಇದೆಲ್ಲ ಉಸಿರು ಕಟ್ಟಿಸುತ್ತದೆ. ಇಷ್ಟು ಓದಿದ್ದು ಸಹಿ ಹಾಕುವುದಕ್ಕಾ ಅನ್ನಿಸುತ್ತದೆ. ಆಗ 1937 ಅನ್ನು ನೆನಪು ಮಾಡಿಕೋ. ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಸಿಹಿ ದ್ರವವಾಗಿ ಕೊಡಬೇಕೆಂದು ಅಮೆರಿಕದ ಕಂಪನಿಯೊಂದು ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿತು. ರುಚಿ ನೋಡಿದರು, ಬಣ್ಣ ನೋಡಿದರು, ವಾಸನೆ ನೋಡಿದರು. ವಿಷವೇ ಎಂದು ಮಾತ್ರ ನೋಡಲಿಲ್ಲ, ನೋಡಲೇಬೇಕೆಂಬ ಕಾನೂನೂ ಆಗ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಎಷ್ಟೋ ಜನ ಮಕ್ಕಳು. ಮರುವರ್ಷ ಅಲ್ಲಿ ಕಾನೂನು ಬಂತು. ಆದರೆ 2022ರಲ್ಲಿ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡಾಗ, ಅಲ್ಲಿ ಸಿಕ್ಕ ಸಿರಪ್‌ಗಳಲ್ಲಿ ಅದೇ ವಿಷ, ಡೈಎಥಿಲೀನ್ ಗ್ಲೈಕಾಲ್, ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ನಡುವೆ 85 ವರ್ಷ! ಕಚ್ಚಾವಸ್ತುವಿನ ಡ್ರಮ್ಮಿನಿಂದ ಸ್ಯಾಂಪಲ್ ತೆಗೆದು ಗುರುತು ಪರೀಕ್ಷೆ (ಲೇಬಲ್ ಹೇಳುವ ವಸ್ತುವೇ ಒಳಗಿದೆಯೇ ಎಂದು ನೋಡುವುದು) ಮಾಡುವುದು ಲ್ಯಾಬಿನಲ್ಲೇ ಅತ್ಯಂತ ಬೇಸರದ ಕೆಲಸ, ಹೊಸಬರಿಗೆ ಮೊದಲು ಕೊಡುವುದೂ ಅದನ್ನೇ. ನಿನಗೂ ಕೊಡುತ್ತಾರೆ. ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡು. ಆ ಮಕ್ಕಳಿಗೂ ಸಾವಿಗೂ ನಡುವೆ ನಿಲ್ಲಬೇಕಿದ್ದದ್ದು ಅಂಥದೊಂದು ಪರೀಕ್ಷೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ.

ನೀನು ಒಂದು ದಿನ ಎಚ್‌ಪಿಎಲ್‌ಸಿ, ಅಂದರೆ ಔಷಧದ ಪ್ರಮಾಣ ಅಳೆಯುವ ಯಂತ್ರದ ಮುಂದೆ ಕೂತಿರುತ್ತೀಯ. ತಿಂಗಳ ಕೊನೆ. ಮಾತ್ರೆಯಲ್ಲಿ ಔಷಧದ ಪ್ರಮಾಣ 95ರಿಂದ 105 ಶೇಕಡಾ ಒಳಗೆ ಇರಬೇಕು. ಉತ್ತರ 94.1 ಎಂದು ಬರುತ್ತದೆ. ಇದನ್ನೇ ನಾವು ಓಓಎಸ್ (ಔಟ್ ಆಫ್ ಸ್ಪೆಸಿಫಿಕೇಶನ್, ಅಂದರೆ ಮಿತಿಯ ಹೊರಗೆ) ಅನ್ನುವುದು. ಹೊರಗೆ ಲಾರಿ ಕಾಯುತ್ತಿದೆ, ಡಿಸ್‌ಪ್ಯಾಚಿನವರು ಎರಡು ಸಲ ಫೋನ್ ಮಾಡಿಯಾಗಿದೆ. ಬದಲಾಯಿಸು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಮಾತ್ರೆ ಸರಿಯಾಗಿ ಕರಗಿರಲಿಕ್ಕಿಲ್ಲ, ಹೊಸದಾಗಿ ತಯಾರು ಮಾಡಿ ನೋಡು’ ಅನ್ನುತ್ತಾರೆ. ‘ಮೊದಲನೆಯದನ್ನು ಲೆಕ್ಕಕ್ಕಿಲ್ಲದ ಟ್ರಯಲ್ ಅಂತ ಹೆಸರಿಟ್ಟು ಬಿಡು’ ಅನ್ನುತ್ತಾರೆ. ಇನ್ನೂ ನಯವಾಗಿ, ‘ಪೀಕಿನ ಕೆಳಗೆ ಗೆರೆ ಎಳೆದದ್ದು ಸರಿ ಇದೆಯಾ, ಒಮ್ಮೆ ಕೈಯಿಂದ ಇಂಟಿಗ್ರೇಟ್ ಮಾಡಿ ನೋಡು’ ಅನ್ನುತ್ತಾರೆ. ಪೀಕು ಎಂದರೆ ಯಂತ್ರ ಬಿಡಿಸುವ ಗುಡ್ಡದಂಥ ಗೆರೆ, ಅದರ ವಿಸ್ತೀರ್ಣದಿಂದಲೇ ಔಷಧದ ಪ್ರಮಾಣ ಲೆಕ್ಕ ಹಾಕುವುದು. ಅದರ ಕೆಳಗಿನ ಗೆರೆಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ 94.1 ಹೋಗಿ 95.2 ಆಗಬಹುದು. ಬೆರಳಿನ ಒಂದು ಒತ್ತು ಸಾಕು.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಹೀಗೇ ಆಯಿತು. ನಾನು ಮೊದಲ ಅಂಕಿಯನ್ನೇ ಬರೆದು, ಓಓಎಸ್ ಫಾರಂ ತೆರೆದೆ. ದ್ರಾವಣವನ್ನು ಚೆಲ್ಲದೆ ಅದೇ ಫ್ಲಾಸ್ಕಿನಲ್ಲಿ ಇಟ್ಟಿದ್ದೆ. ಓಓಎಸ್ ಬಂದಾಗ ಅದೇ ದೊಡ್ಡ ಸಾಕ್ಷಿ, ನೀನೂ ಯಾವತ್ತೂ ಚೆಲ್ಲಬೇಡ. ತನಿಖೆ ಶುರುವಾಯಿತು. ತಕ್ಕಡಿಯ ಲಾಗ್, ಸ್ಟ್ಯಾಂಡರ್ಡ್‌ನ ತೂಕ, ಪಿಪೆಟ್, ಕಾಲಂ ಎಲ್ಲವನ್ನೂ ಜಾಲಾಡಿದರು. ಲ್ಯಾಬಿನಲ್ಲಿ ತಪ್ಪು ಸಿಗಲಿಲ್ಲ. ಆಮೇಲೆ ಪ್ರೊಡಕ್ಷನ್‌ನ ಬ್ಯಾಚ್ ರೆಕಾರ್ಡ್ ತೆಗೆದರು. ಮಾತ್ರೆ ಒತ್ತುವ ಯಂತ್ರ ಕೊನೆಯ ಹಂತದಲ್ಲಿ ಪದೇಪದೇ ನಿಂತು ಹೊರಟಿತ್ತು. ಆ ಅಲುಗಾಟಕ್ಕೆ ಹಾಪರಿನಲ್ಲಿದ್ದ, ಅಂದರೆ ಮೇಲಿನ ಲಾಳಿಕೆಯಲ್ಲಿದ್ದ ಪುಡಿಯಲ್ಲಿ ದಪ್ಪ ಕಣ, ಸಣ್ಣ ಕಣ ಬೇರ್ಪಟ್ಟಿದ್ದವು, ಹಾಗಾಗಿ ಔಷಧ ಎಲ್ಲ ಮಾತ್ರೆಗೂ ಸಮನಾಗಿ ಹಂಚಿರಲಿಲ್ಲ. ಕೊನೆಯಲ್ಲಿ ಬಂದ ಡಬ್ಬಗಳಿಂದ ಮತ್ತೆ ಮಾತ್ರೆ ತೆಗೆದು ನೋಡಿದಾಗ ಕೆಲವುಗಳಲ್ಲಿ ಔಷಧ ಮತ್ತಷ್ಟು ಕಡಿಮೆ ಇತ್ತು. ಬ್ಯಾಚ್ ರಿಜೆಕ್ಟ್ ಆಯಿತು. ಹೊಸದಾಗಿ ತಯಾರು ಮಾಡಿ ನೋಡು ಎಂಬ ಮಾತು ಕೇಳಿದ್ದರೆ, ಅದೃಷ್ಟಕ್ಕೆ ಒಳ್ಳೆಯ ಮಾತ್ರೆಗಳು ಕೈಗೆ ಸಿಕ್ಕು 97 ಬಂದಿರುತ್ತಿತ್ತು. ಆಗ ಆ ಮಾತ್ರೆಗಳು ಯಾರ ಮನೆಗೆ ಹೋಗುತ್ತಿದ್ದವೋ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ರೋಗಿಗೆ ಗುಣವಾಗದಿದ್ದರೆ ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ, ಇಲ್ಲವೇ ರೋಗಿಯೇ ಸರಿಯಾಗಿ ನುಂಗುತ್ತಿಲ್ಲ ಎಂದುಕೊಳ್ಳುತ್ತಾರೆ. ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆ ನಂಬಿಕೆಯನ್ನು ಕಾಯುವುದೇ ನಮ್ಮ ಹೊಟ್ಟೆಪಾಡು.

ಆ ವರ್ಷ ನನಗೆ ಇನ್‌ಕ್ರಿಮೆಂಟ್ ಕಡಿಮೆ ಬಂತು. ‘ತಂಡದ ಜೊತೆ ಹೊಂದಿಕೊಂಡು ಹೋಗಬೇಕು’ ಎಂದು ಅಪ್ರೈಸಲ್‌ನಲ್ಲಿ ಬರೆದರು. ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಹೀಗೂ ಆಗಬಹುದು ಎಂದು ನಿನಗೆ ಮೊದಲೇ ಗೊತ್ತಿರಲಿ.

ಇದು ಬರೀ ನನ್ನ ಹಠ ಎಂದುಕೊಳ್ಳಬೇಡ. 1993ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಬಾರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಪ್ರಕರಣದಲ್ಲಿ ಇದೇ ವಿಷಯದ ಮೇಲೆ ತೀರ್ಪು ಕೊಟ್ಟಿತು. ಪಾಸ್ ಆಗುವವರೆಗೂ ಮತ್ತೆ ಮತ್ತೆ ಪರೀಕ್ಷೆ ಮಾಡುವಂತಿಲ್ಲ, ಫೇಲಾದ ಫಲಿತಾಂಶಕ್ಕೆ ಮೊದಲು ಕಾರಣ ಹುಡುಕಬೇಕು ಎಂಬುದು ಅದರ ತಿರುಳು. ಇವತ್ತು ಯಾವ ಲ್ಯಾಬಿಗೆ ಹೋದರೂ ಓಓಎಸ್ ಎಸ್‌ಒಪಿಯ (ಕೆಲಸದ ಲಿಖಿತ ಕ್ರಮದ) ಬೇರು ಆ ತೀರ್ಪಿನಲ್ಲಿದೆ. ಯಂತ್ರದಲ್ಲಿ ಆಡಿಟ್ ಟ್ರೇಲ್ ಇರುತ್ತದೆ: ಯಾರು, ಯಾವಾಗ, ಯಾವ ಪೀಕನ್ನು ಮುಟ್ಟಿದರು ಎಂದು ಅದು ದಾಖಲಿಸಿಕೊಳ್ಳುತ್ತಲೇ ಇರುತ್ತದೆ. ಇನ್‌ಸ್ಪೆಕ್ಟರ್‌ಗಳು ಬಂದರೆ ಕೆಲವರು ಫೈಲುಗಳನ್ನು ಬಿಟ್ಟು ನೇರವಾಗಿ ಅಲ್ಲಿಗೇ ಹೋಗುತ್ತಾರೆ.

ಒಬ್ಬರೇ ಗಟ್ಟಿಯಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿಸ್ ಕೆಲ್ಸಿ ಅವರನ್ನು ನೋಡು. ಅವರು ಕಂಪನಿಯವರಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೇರಿದವರು. 1960ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲೇ, ಥಾಲಿಡೊಮೈಡ್ ಅರ್ಜಿ ಅವರ ಮೇಜಿಗೆ ಬಂತು. ಬೇರೆ ದೇಶಗಳಲ್ಲಿ ಆಗಲೇ ಮಾರಾಟದಲ್ಲಿದ್ದ ನಿದ್ರೆಯ ಔಷಧ. ಕಂಪನಿ ಒತ್ತಡ ಹಾಕುತ್ತಲೇ ಇತ್ತು, ಕೊಟ್ಟ ಮಾಹಿತಿ ಸಾಲದು ಎಂದು ಅವರು ವಾಪಸ್ ಕಳಿಸುತ್ತಲೇ ಇದ್ದರು. ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಬಸಿರಿನಲ್ಲಿ ಅದನ್ನು ನುಂಗಿದ್ದ ತಾಯಂದಿರಿಗೆ ಕೈಕಾಲು ಬೆಳೆಯದ ಶಿಶುಗಳು ಹುಟ್ಟಿದ ಸುದ್ದಿ ಬಂತು. ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳಿಗೆ ಹಾಗಾಯಿತು. ಅಮೆರಿಕದಲ್ಲಿ ಆಗ ಅದಕ್ಕೆ ಅನುಮತಿ ಸಿಗಲೇ ಇಲ್ಲ. ಕೆಲ್ಸಿ ಕೇಳಿದ್ದು ಹೆಚ್ಚೇನಲ್ಲ, ಪುರಾವೆ ಅಷ್ಟೇ.

ದುಡ್ಡಿನ ಮಾತಿಗೆ ಬರುತ್ತೇನೆ. ಹೌದು, ಇದು ದುಡ್ಡಿನ ಲೋಕವೇ. ಸೇಲ್ಸ್ ಟಾರ್ಗೆಟ್, ಪೇಟೆಂಟ್ ಮುಗಿಯುವ ತಾರೀಖು, ಷೇರುದಾರರು, ಎಲ್ಲ ಇದೆ. ಆದರೆ ‘ಕಂಪನಿ ಒಳ್ಳೆಯದು’, ‘ಕಂಪನಿ ಕೆಟ್ಟದ್ದು’ ಎಂದು ಒಂದೇ ಏಟಿಗೆ ಹೇಳುವವರ ಜೊತೆ ನನಗೆ ಒಪ್ಪಿಗೆಯಿಲ್ಲ. 1987ರಲ್ಲಿ ಮರ್ಕ್ ಕಂಪನಿ ನದಿ ಕುರುಡು ರೋಗಕ್ಕೆ ಐವರ್ಮೆಕ್ಟಿನ್ ಅನ್ನು, ಬೇಕಾದಷ್ಟು ಕಾಲ, ಬೇಕಾದಷ್ಟು ಜನಕ್ಕೆ ಪುಕ್ಕಟೆ ಕೊಡುತ್ತೇವೆ ಎಂದು ಘೋಷಿಸಿತು, ಕೊಡುತ್ತಲೂ ಬಂದಿದೆ. ಅದೇ ಮರ್ಕ್ 2004ರಲ್ಲಿ ವಯಾಕ್ಸ್ ಎಂಬ ನೋವಿನ ಮಾತ್ರೆಯನ್ನು, ಹೃದಯಾಘಾತದ ಅಪಾಯ ಹೆಚ್ಚುತ್ತದೆ ಎಂದು ತಿಳಿದ ಮೇಲೆ, ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಬೇಕಾಯಿತು. ಅಷ್ಟರೊಳಗೆ ಅದನ್ನು ಕೋಟ್ಯಂತರ ಜನ ನುಂಗಿಯಾಗಿತ್ತು, ಅಪಾಯದ ಸುಳಿವು ಮೊದಲೇ ಇತ್ತಲ್ಲವೇ ಎಂಬ ಪ್ರಶ್ನೆ ಕೋರ್ಟು ಹತ್ತಿತು. ಒಂದೇ ಹೆಸರಿನ ಕೆಳಗೆ ಎರಡೂ ನಡೆದವು. ಯಾವ ಸಭೆಯಲ್ಲಿ ಯಾರು ಕೂತಿದ್ದರು, ಎದುರಿಗಿದ್ದ ಅಂಕಿಯನ್ನು ಅವರು ಹೇಗೆ ಓದಿದರು ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಆ ಅಂಕಿಗಳು ಹುಟ್ಟುವ ಜಾಗಕ್ಕೆ ನೀನು ಬರುತ್ತಿದ್ದೀಯ.

ಅಂಕಿ ಸರಿಯಿದ್ದರೂ ಸಾಲದ ಸಂದರ್ಭ ಇದೆ, ಅದನ್ನೂ ಹೇಳಬೇಕು. 2018ರಲ್ಲಿ ರಕ್ತದೊತ್ತಡದ ವಾಲ್ಸಾರ್ಟನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಸಿಕ್ಕಿತು. ವರ್ಷಗಳ ಹಿಂದೆ ಔಷಧ ತಯಾರಿಕೆಯ ವಿಧಾನ ಬದಲಾಯಿಸಿದಾಗ ಅದು ಹುಟ್ಟಿಕೊಂಡಿತ್ತು. ಬ್ಯಾಚ್‌ಗಳೆಲ್ಲ ಪಾಸಾಗುತ್ತಿದ್ದವು, ಯಾಕೆಂದರೆ ರೂಢಿಯ ಪರೀಕ್ಷೆಗಳು ಅದನ್ನು ಹುಡುಕುತ್ತಲೇ ಇರಲಿಲ್ಲ. ಅದಕ್ಕೇ ನಿನಗೆ ಹೇಳುವುದು: ಎಚ್‌ಪಿಎಲ್‌ಸಿ ಬಿಡಿಸಿದ ಕ್ರೊಮ್ಯಾಟೊಗ್ರಾಮಿನಲ್ಲಿ ಗೊತ್ತಿಲ್ಲದ ಪುಟ್ಟ ಪೀಕು ಕಂಡರೆ, ಮಿತಿಯೊಳಗಿದೆ ಎಂದು ಮುಂದೆ ಹೋಗಬೇಡ. ಹಿಂದಿನ ಬ್ಯಾಚಿನಲ್ಲಿ ಇತ್ತಾ, ಯಾವಾಗಿನಿಂದ ಬರುತ್ತಿದೆ, ಆಗ ಏನು ಬದಲಾಗಿತ್ತು ಎಂದು ಕೇಳು. ಹಾಗೆ ಕೇಳುವವರನ್ನು ಕಂಡರೆ ಲ್ಯಾಬಿನಲ್ಲಿ ಕೆಲವರಿಗೆ ಆಗುವುದಿಲ್ಲ. ಕೇಳು.

ಸಂಬಳ, ರಜೆ, ವಿಮೆ ಎಲ್ಲ ಚೆನ್ನಾಗಿಯೇ ಇರುತ್ತದೆ, ಅದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಆಡಿಟ್ ಬಂದ ವಾರಗಳಲ್ಲಿ ಮಾತ್ರ ಮನೆಯವರು ನಿನ್ನ ಮುಖ ಮರೆಯುತ್ತಾರೆ.

ಆಫರ್‌ಗೆ ಸಹಿ ಹಾಕುವ ಮೊದಲು ಅವರನ್ನು ಎರಡು ವಿಷಯ ಕೇಳು. ಒಂದು, ಕ್ವಾಲಿಟಿ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆ? ಪ್ರೊಡಕ್ಷನ್ ಮುಖ್ಯಸ್ಥರ ಕೈಕೆಳಗೇ ಇದ್ದರೆ, ತಿಂಗಳ ಕೊನೆಯಲ್ಲಿ ಗೆಲ್ಲುವವರು ಯಾರೆಂದು ನೀನೇ ಊಹಿಸಿಕೋ. ಎರಡು, ಎಚ್‌ಪಿಎಲ್‌ಸಿಯಲ್ಲಿ ಡೇಟಾ ಅಳಿಸುವ ಅಧಿಕಾರ ಯಾರಿಗಿದೆ? ಲ್ಯಾಬಿನವರಿಗೇ ಇದೆ ಎಂದರೆ ನನಗೆ ಫೋನ್ ಮಾಡದೆ ಸಹಿ ಹಾಕಬೇಡ. ಉತ್ತರ ಬಂದ ಕೂಡಲೇ ಬರೆ, ಸೇರುವ ತಾರೀಖು ಆಮೇಲೆ ನೋಡೋಣ.

ನಿನ್ನ ಗೆಳೆಯ